ಕೇಳಿ, ಹೇಳುತ್ತೇವೆ: ಪರ್ಸಿನ ಕಾರ್ಡುಗಳು ಫೋನಿಗೆ

ಖರೀದಿಗೆ ಪಾಯಿಂಟ್ ಸೇರಿಸಿಕೊಳ್ಳಲು ಅಂಗಡಿಯವರು ಕೊಡುವ ಲಾಯಲ್ಟಿ ಕಾರ್ಡುಗಳನ್ನು ಫೋನಿಗೆ ಹಾಕಿಕೊಳ್ಳುವುದು ಹೇಗೆ, ಹಾಕಿಕೊಂಡ ಮೇಲೆ ಕೌಂಟರಿನಲ್ಲಿ ಅವು ಯಾಕೆ ಮೊಂಡು ಹಿಡಿಯುತ್ತವೆ ಎಂದು ಓದುಗರು ಕೇಳಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಹತ್ತಿರ ಹದಿನಾಲ್ಕು ಕಾರ್ಡುಗಳಿವೆ. ಎಲ್ಲದರ ಫೋಟೊ ತೆಗೆದು ಗ್ಯಾಲರಿಯಲ್ಲಿ ಇಟ್ಟಿದ್ದೇನೆ. ಇಷ್ಟು ಸಾಲದೇ? ಅದಕ್ಕೊಂದು ಆ್ಯಪ್ ಬೇರೆ ಬೇಕೇ?

ಉತ್ತರ: ಫೋಟೊ ಕೆಲವು ಸಲ ಕೆಲಸ ಮಾಡುತ್ತದೆ, ಹಲವು ಸಲ ಕೈಕೊಡುತ್ತದೆ. ಕಾರ್ಡಿನಲ್ಲಿ ಕೆಲಸಕ್ಕೆ ಬರುವುದು ಎರಡೇ: ಒಂದು ಸಂಖ್ಯೆ, ಮತ್ತೆ ಆ ಸಂಖ್ಯೆಯನ್ನು ಗೆರೆಗಳಲ್ಲಿ ಬರೆದ ಲಿಪಿ, ಅಂದರೆ ಬಾರ್‌ಕೋಡ್. ಬಣ್ಣ, ಲೋಗೊ, ಹೊಳಪು ಎಲ್ಲ ಬರೀ ಅಲಂಕಾರ. ಫೋಟೊದಲ್ಲಿ ಅಲಂಕಾರ ಚೆನ್ನಾಗಿಯೇ ಬರುತ್ತದೆ. ಗೆರೆಗಳು ಮಾತ್ರ ಓರೆಯಾಗಿ, ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಬೆಳಕಿನ ಚುಕ್ಕೆಯ ಸಮೇತ ಬರುತ್ತವೆ. ಅದನ್ನೇ ಮೆಸೇಜಿನಲ್ಲಿ ಕಳಿಸಿ ಇಳಿಸಿಕೊಂಡರಂತೂ ಫೈಲಿನ ಗಾತ್ರ ಕುಗ್ಗಿ ಗೆರೆಗಳ ಅಂಚು ಮಸುಕಾಗಿರುತ್ತದೆ.

ಆ್ಯಪ್ ಚಿತ್ರವನ್ನು ಇಟ್ಟುಕೊಳ್ಳುವುದಿಲ್ಲ. ಕ್ಯಾಮೆರಾದಿಂದ ಗೆರೆಗಳನ್ನು ಒಮ್ಮೆ ಓದಿ, ಸಂಖ್ಯೆಯನ್ನೂ ಲಿಪಿಯ ಹೆಸರನ್ನೂ ಬರೆದಿಟ್ಟುಕೊಳ್ಳುತ್ತದೆ. ನೀವು ಕಾರ್ಡು ತೆರೆದಾಗಲೆಲ್ಲ ಗೆರೆಗಳನ್ನು ಹೊಸದಾಗಿ, ಚೊಕ್ಕವಾಗಿ ಎಳೆದು ತೋರಿಸುತ್ತದೆ. ಇದೊಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಕೆಳಗಿನ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ಹದಿನಾಲ್ಕನ್ನೂ ತುಂಬಿಸಲು ಕೂರುವ ಮೊದಲು ಒಂದು ಸಲ ಜರಡಿ ಹಿಡಿಯಿರಿ. ಅವಧಿ ಮುಗಿದವು, ವರ್ಷಗಟ್ಟಲೆ ಕಾಲಿಡದ ಅಂಗಡಿಯವು ಹೊರಗೆ. ಫೋನ್ ನಂಬರ್ ಹೇಳಿದರೇ ಪಾಯಿಂಟ್ ಸೇರಿಸುವ ಅಂಗಡಿಗಳ ಕಾರ್ಡು ತುರ್ತಿನದಲ್ಲ. ಕೊನೆಗೆ ಐದಾರು ಉಳಿಯಬಹುದು. ಅವನ್ನು ಸರಿಯಾಗಿ ಹಾಕಿ.

ಪ್ರಶ್ನೆ: ಆ್ಯಪ್ ‘ಬಾರ್‌ಕೋಡ್ ಟೈಪ್’ ಆರಿಸಿ ಅನ್ನುತ್ತದೆ. ಪಟ್ಟಿಯಲ್ಲಿ ಹತ್ತಾರು ಹೆಸರುಗಳಿವೆ. ನನ್ನ ಕಾರ್ಡಿನದು ಯಾವುದೆಂದು ಗೊತ್ತಾಗುವುದು ಹೇಗೆ?

ಉತ್ತರ: ಸ್ಕ್ಯಾನ್ ಮಾಡಿದರೆ ಆ್ಯಪ್ ತಾನೇ ಗುರುತಿಸುತ್ತದೆ. ಸಂಖ್ಯೆಯನ್ನು ಕೈಯಲ್ಲಿ ಟೈಪ್ ಮಾಡಿದಾಗ ಮಾತ್ರ ಈ ಪ್ರಶ್ನೆ ಬರುತ್ತದೆ. ಕಣ್ಣಳತೆಯಲ್ಲಿ ಹೀಗೆ ಗುರುತಿಸಬಹುದು.

ಗೆರೆಗಳ ಕೆಳಗೆ 13 ಅಂಕಿಗಳಿದ್ದು, ಎರಡು ತುದಿಯಲ್ಲೂ ನಡುವೆಯೂ ಜೋಡಿ ಗೆರೆಗಳು ಉಳಿದವಕ್ಕಿಂತ ಕೆಳಕ್ಕೆ ಇಳಿದಿದ್ದರೆ ಅದು ಇಎಎನ್-13. ಸಾಮಾನುಗಳ ಪ್ಯಾಕೆಟ್ ಮೇಲೆ ಇರುವಂಥದ್ದೇ. ಅಂಗಡಿಯ ಕಾರ್ಡುಗಳಲ್ಲಿ ಈ ಸಂಖ್ಯೆ ಹೆಚ್ಚಾಗಿ 2ರಿಂದ ಶುರುವಾಗುತ್ತದೆ, ಏಕೆಂದರೆ 200ರಿಂದ 299ರವರೆಗಿನ ಆರಂಭಗಳನ್ನು ಅಂಗಡಿಗಳ ಒಳಬಳಕೆಗೆಂದೇ ಬಿಟ್ಟಿದ್ದಾರೆ. 12 ಅಂಕಿ ಇದ್ದರೆ ಯುಪಿಸಿ-ಎ. ಎಲ್ಲ ಗೆರೆಗಳೂ ಒಂದೇ ಎತ್ತರ, ಸಂಖ್ಯೆಯ ಉದ್ದಕ್ಕೆ ಕಟ್ಟಳೆಯಿಲ್ಲ, ನಡುವೆ ಅಕ್ಷರಗಳೂ ಇರಬಹುದು ಅಂದರೆ ಬಹುಮಟ್ಟಿಗೆ ಕೋಡ್ 128. ಕೋಡ್ 39 ನೋಡಲು ಇದರ ಹಾಗೇ ಇರುತ್ತದೆ, ಆದರೆ ಸಣ್ಣ ಸಂಖ್ಯೆಗೂ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಕೆಲವರು ಸಂಖ್ಯೆಯ ಹಿಂದೆ ಮುಂದೆ ನಕ್ಷತ್ರ ಚಿಹ್ನೆಯನ್ನೂ ಮುದ್ರಿಸಿರುತ್ತಾರೆ. ಆ ನಕ್ಷತ್ರಗಳು ಆರಂಭ, ಅಂತ್ಯದ ಗುರುತು. ಟೈಪ್ ಮಾಡುವಾಗ ಬಿಟ್ಟುಬಿಡಿ. ಐಟಿಎಫ್ ಎಂಬುದೂ ಒಂದಿದೆ, ಅಂಕಿಗಳನ್ನು ಜೋಡಿ ಜೋಡಿಯಾಗಿ ಹೆಣೆಯುವುದರಿಂದ ಅದರಲ್ಲಿ ಅಂಕಿಗಳ ಎಣಿಕೆ ಸಮಸಂಖ್ಯೆಯೇ ಆಗಿರಬೇಕು.

ಚೌಕದ ಮೂರು ಮೂಲೆಯಲ್ಲಿ ದಪ್ಪ ಚೌಕಗಳಿದ್ದರೆ ಕ್ಯೂಆರ್. ನಟ್ಟನಡುವೆ ಒಂದೇ ಚೌಕವಿದ್ದರೆ ಆ್ಯಜ್‌ಟೆಕ್. ಇಟ್ಟಿಗೆ ಜೋಡಿಸಿದಂಥ ಅಗಲದ ಪಟ್ಟಿಯಾದರೆ ಪಿಡಿಎಫ್417.

ಪ್ರಶ್ನೆ: ಸೇರಿಸುವ ಕ್ರಮವನ್ನು ಹಂತ ಹಂತವಾಗಿ ಹೇಳಿ. ನಮ್ಮ ಮನೆಯಲ್ಲಿ ಆ್ಯಂಡ್ರಾಯ್ಡ್, ಐಫೋನ್ ಎರಡೂ ಇವೆ.

ಉತ್ತರ: ಮೊದಲು ಕಾರ್ಡನ್ನು ಒರೆಸಿ, ಬೆಳಕು ನೇರವಾಗಿ ಹೊಳೆಯದ ಕಡೆ ಮೇಜಿನ ಮೇಲಿಡಿ. ಪ್ಲಾಸ್ಟಿಕ್ ತೀರಾ ಹೊಳೆಯುತ್ತಿದ್ದರೆ ಫೋನನ್ನು ಸ್ವಲ್ಪ ವಾಲಿಸಿ ಹಿಡಿಯಿರಿ, ಫ್ಲ್ಯಾಶ್ ಬೇಡ.

ಆ್ಯಂಡ್ರಾಯ್ಡ್‌ನಲ್ಲಿ ಗೂಗಲ್ ವಾಲೆಟ್ ನಿಮ್ಮ ದೇಶದಲ್ಲಿ ಸಿಗುತ್ತಿದ್ದರೆ ‘ಆ್ಯಡ್ ಟು ವಾಲೆಟ್’ ಒತ್ತಿ, ‘ಲಾಯಲ್ಟಿ ಕಾರ್ಡ್’ ಆರಿಸಿ, ಅಂಗಡಿಯ ಹೆಸರು ಹುಡುಕಿ, ಕಾರ್ಡಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿ. ಹೆಸರು ಸಿಗದಿದ್ದರೆ ಬಾರ್‌ಕೋಡ್ ಅಥವಾ ಕ್ಯೂಆರ್ ಇರುವ ಫೋಟೊದಿಂದಲೇ ಪಾಸ್ (ವಾಲೆಟ್ ಒಳಗಿನ ಡಿಜಿಟಲ್ ಕಾರ್ಡು) ಮಾಡಿಕೊಳ್ಳುವ ಆಯ್ಕೆಯಿದೆ. ಕಾರ್ಡು ನಿಮ್ಮ ಗೂಗಲ್ ಖಾತೆಗೆ ಅಂಟಿಕೊಳ್ಳುತ್ತದೆ.

ಖಾತೆ, ಲಾಗಿನ್ ಏನೂ ಬೇಡ ಅನ್ನುವವರಿಗೆ ಕ್ಯಾಟಿಮಾ ಎಂಬ ಮುಕ್ತ ತಂತ್ರಾಂಶದ ಆ್ಯಪ್ ಇದೆ. ಮುಕ್ತ ತಂತ್ರಾಂಶಗಳ ಆ್ಯಪ್ ಮಳಿಗೆ ಎಫ್-ಡ್ರಾಯ್ಡ್‌ನಲ್ಲೂ ಪ್ಲೇ ಸ್ಟೋರಿನಲ್ಲೂ ಸಿಗುತ್ತದೆ. ಎಲ್ಲವೂ ಫೋನಿನಲ್ಲೇ ಉಳಿಯುತ್ತದೆ. ಕೂಡಿಸುವ ಚಿಹ್ನೆ ಒತ್ತಿ, ಸ್ಕ್ಯಾನ್ ಮಾಡಿ, ಅಂಗಡಿಯ ಹೆಸರು ಬರೆದು ಸೇವ್ ಮಾಡಿದರೆ ಮುಗಿಯಿತು. ಅವಧಿ ಮುಗಿಯುವ ದಿನಾಂಕ, ಉಳಿದ ಪಾಯಿಂಟ್, ಕಾರ್ಡಿನ ಎರಡೂ ಬದಿಯ ಫೋಟೊ ಇಡಲೂ ಜಾಗವಿದೆ. ಇದರಲ್ಲಿ ‘ಕಾರ್ಡ್ ಐಡಿ’ ಮತ್ತು ‘ಬಾರ್‌ಕೋಡ್ ಮೌಲ್ಯ’ ಎಂದು ಎರಡು ಬೇರೆ ಬೇರೆ ಖಾನೆಗಳಿವೆ. ಇದೇನು ಚೋದ್ಯ ಅನ್ನಿಸಬಹುದು. ಮುಂದಿನ ಒಂದು ಉತ್ತರದಲ್ಲಿ ಅದರ ಬೆಲೆ ತಿಳಿಯುತ್ತದೆ.

ಐಫೋನಿನ ವಾಲೆಟ್ ಸ್ವಲ್ಪ ಮಡಿವಂತ. 2012ರಲ್ಲಿ ಪಾಸ್‌ಬುಕ್ ಹೆಸರಲ್ಲಿ ಬಂದಾಗಿನಿಂದ ಅದರ ಮೂಲ ಕಟ್ಟಳೆ ಒಂದೇ: ತಯಾರಿಸಿದವರು ಯಾರೆಂದು ಖಾತ್ರಿಪಡಿಸುವ ಡಿಜಿಟಲ್ ಸಹಿಯಿರುವ ಪಾಸ್ ಫೈಲ್ ಬೇಕು. ಅಂಗಡಿಯ ಆ್ಯಪ್, ವೆಬ್‌ಸೈಟ್ ಅಥವಾ ಇಮೇಲ್‌ನಲ್ಲಿ ‘ಆ್ಯಡ್ ಟು ಆ್ಯಪಲ್ ವಾಲೆಟ್’ ಗುಂಡಿ ಇದ್ದರೆ ಒತ್ತಿ, ಸಲೀಸು. ಇಲ್ಲದಿದ್ದರೆ ಕಾರ್ಡು ಸ್ಕ್ಯಾನ್ ಮಾಡಿ ಪಾಸ್ ತಯಾರಿಸಿಕೊಡುವ ಬೇರೆಯವರ ಆ್ಯಪ್‌ಗಳಿವೆ. ಸಹಿ ಹಾಕಲು ಅವು ಸಾಮಾನ್ಯವಾಗಿ ನಿಮ್ಮ ಕಾರ್ಡಿನ ಸಂಖ್ಯೆಯನ್ನು ತಮ್ಮ ಸರ್ವರಿಗೆ ಕಳಿಸುತ್ತವೆ ಎಂಬುದು ನೆನಪಿರಲಿ. ಇನ್ನೊಂದು ತೊಡಕೂ ಇದೆ. ಆ್ಯಪಲ್ ಪಾಸ್‌ಗೆ ಮೊದಲು ಕ್ಯೂಆರ್, ಆ್ಯಜ್‌ಟೆಕ್, ಪಿಡಿಎಫ್417 ಈ ಮೂರೇ ಲಿಪಿ ಗೊತ್ತಿದ್ದವು. ಕೋಡ್ 128 ಸೇರಿದ್ದು ಐಫೋನಿನ ಮೂಲ ತಂತ್ರಾಂಶ ಐಒಎಸ್‌ನ 9ನೇ ಆವೃತ್ತಿಯಲ್ಲಿ. ಇಎಎನ್-13 ಕಾರ್ಡನ್ನು ಅದೇ ಸಂಖ್ಯೆಯ ಕೋಡ್ 128 ಆಗಿ ಬದಲಿಸಿದರೆ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಕೆಲವು ಕಡೆ ಬಿಲ್ಲಿಂಗ್ ಯಂತ್ರ ಒಪ್ಪುವುದಿಲ್ಲ. ಹಾಗಾಗಿ ಐಫೋನಿನಲ್ಲೂ ವಾಲೆಟ್‌ನ ಹಟ ಬಿಟ್ಟು ಕಾರ್ಡುಗಳಿಗೆಂದೇ ಇರುವ ಒಂದು ಪ್ರತ್ಯೇಕ ಆ್ಯಪ್ ಇಟ್ಟುಕೊಳ್ಳುವುದು ಮೇಲು.

ಯಾವ ಆ್ಯಪ್ ಆದರೂ ಸರಿ, ಸೇವ್ ಮಾಡಿದ ಕೂಡಲೇ ಒಂದು ಪರೀಕ್ಷೆ ಮಾಡಿ. ಮನೆಯ ಇನ್ನೊಂದು ಫೋನಿನಿಂದ ಮೊದಲು ಪ್ಲಾಸ್ಟಿಕ್ ಕಾರ್ಡನ್ನು, ಆಮೇಲೆ ಪರದೆಯ ಮೇಲಿನ ಬಾರ್‌ಕೋಡನ್ನು ಸ್ಕ್ಯಾನ್ ಮಾಡಿ. ಸಂಖ್ಯೆ, ಲಿಪಿ ಎರಡೂ ತಾಳೆಯಾದರೆ ನಿಮ್ಮ ಕೆಲಸ ಸರಿಯಾಗಿದೆ; ಮುಂದೆ ತೊಂದರೆ ಬಂದರೆ ಅದು ಪರದೆಯದ್ದು ಅಥವಾ ಅಂಗಡಿಯದ್ದು.

ಪ್ರಶ್ನೆ: ಮನೆಯಲ್ಲಿ ಚೆನ್ನಾಗಿ ಸ್ಕ್ಯಾನ್ ಆಗುವ ಕಾರ್ಡು ಬಿಲ್ಲಿಂಗ್ ಕೌಂಟರಿನಲ್ಲಿ ಆಗುವುದೇ ಇಲ್ಲ. ಹಿಂದೆ ನಿಂತವರ ಗೊಣಗಾಟ ಕೇಳಿ ಕೊನೆಗೆ ಪಾಯಿಂಟೇ ಬೇಡ ಅಂತ ಬರುತ್ತೇನೆ. ತಪ್ಪು ಎಲ್ಲಿದೆ?

ಉತ್ತರ: ಅತಿ ಹೆಚ್ಚು ಬಂದ ಪ್ರಶ್ನೆ ಇದು. ಮೊದಲು ಸ್ಕ್ಯಾನರ್ ಯಾವುದೆಂದು ನೋಡಿ. ಲೇಸರ್ ಸ್ಕ್ಯಾನರ್ ಆದರೆ ಚೂಪಾದ ಒಂದು ಕೆಂಪು ಗೆರೆ, ಕೌಂಟರಿನೊಳಗೆ ಕೂರಿಸಿದ್ದಾದರೆ ಕೆಂಪು ಗೆರೆಗಳ ಬಲೆ ಕಾಣುತ್ತದೆ. ಅದು ಗೆರೆಯ ಮೇಲೆ ಬೆಳಕು ಬಿಟ್ಟು, ತಿರುಗಿ ಬಂದ ಬೆಳಕನ್ನು ಅಳೆಯುತ್ತದೆ: ಬಿಳಿ ಜಾಗದಿಂದ ಹೆಚ್ಚು, ಕಪ್ಪು ಗೆರೆಯಿಂದ ಕಡಿಮೆ. ಕಾಗದ, ಪ್ಲಾಸ್ಟಿಕ್ಕಿನ ಮೇಲೆ ಇದು ಸರಿ. ಫೋನಿನ ಪರದೆಯಲ್ಲಿ ಬಿಳಿ ಅನ್ನುವುದು ಒಳಗಿನಿಂದ ಬರುವ ಬೆಳಕು. ಹೊರಗಿನಿಂದ ಬಿದ್ದ ಲೇಸರ್‌ಗೆ ಕಪ್ಪು, ಬಿಳಿ ಎರಡೂ ಒಂದೇ ಗಾಜು. ಇಂಥ ಸ್ಕ್ಯಾನರ್ ಮುಂದೆ ಫೋನನ್ನು ಎಷ್ಟು ಆಡಿಸಿದರೂ ಅಷ್ಟೇ. ಸಮಯ ಕಳೆಯದೆ ಗೆರೆಯ ಕೆಳಗಿನ ಸಂಖ್ಯೆಯನ್ನು ಓದಿ ಹೇಳಿ, ಕೌಂಟರಿನವರು ಟೈಪ್ ಮಾಡಿಕೊಳ್ಳಲಿ. ಈ ಒಂದು ಕಾರಣಕ್ಕಾದರೂ ಸಂಖ್ಯೆ ದಪ್ಪ ಅಕ್ಷರದಲ್ಲಿ ಕಾಣುವ ಆ್ಯಪ್ ಆರಿಸಿಕೊಳ್ಳಬೇಕು.

ಇಮೇಜರ್ ಅನ್ನುವ ಎರಡನೇ ಜಾತಿಯಲ್ಲಿ ಕ್ಯಾಮೆರಾ ಇರುತ್ತದೆ. ಗೆರೆಯ ಬದಲು ಬೆಳಕಿನ ಒಂದು ಹರವು, ನಡುವೆ ಗುರಿಯ ಚುಕ್ಕೆ ಕಂಡರೆ ಅದು ಇಮೇಜರ್ ಎಂದುಕೊಳ್ಳಿ. ಕ್ಯೂಆರ್ ಓದುವ ಅಂಗಡಿಯಲ್ಲಿ ಇರುವುದು ಇದೇ, ಲೇಸರ್‌ಗೆ ಕ್ಯೂಆರ್ ಓದಲು ಬರುವುದಿಲ್ಲ. ಇಮೇಜರ್ ಇದ್ದೂ ಸ್ಕ್ಯಾನ್ ಆಗದಿದ್ದರೆ ನಿಮ್ಮ ಪರದೆಯನ್ನು ಅನುಮಾನಿಸಬೇಕು.

ಬ್ರೈಟ್‌ನೆಸ್ ಪೂರ್ತಿ ಏರಿಸಿ. ಒಳ್ಳೆಯ ಆ್ಯಪ್‌ಗಳು ಕಾರ್ಡು ತೆರೆದಾಗ ತಾವೇ ಏರಿಸುತ್ತವೆ. ಬ್ಯಾಟರಿ ಉಳಿಸುವ ಮೋಡ್ ಹಾಕಿದ್ದರೆ ಪರದೆ ಮಂಕಾಗಿಯೇ ಉಳಿಯಬಹುದು. ಆಮೇಲೆ ಡಾರ್ಕ್ ಮೋಡ್ ನೋಡಿ. ಆ್ಯಪ್‌ನ ಹಿನ್ನೆಲೆ ಕಪ್ಪಗಿದ್ದರೂ ಬಾರ್‌ಕೋಡ್ ಮಾತ್ರ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಯಾಗಿಯೇ ಇರಬೇಕು. ಕಪ್ಪಿನ ಮೇಲೆ ಬಿಳಿ ಗೆರೆಯಾದರೆ ಬಹಳಷ್ಟು ಸ್ಕ್ಯಾನರ್‌ಗಳು ಕಣ್ಣೆತ್ತಿಯೂ ನೋಡುವುದಿಲ್ಲ. ಬಣ್ಣದ ಮೋಹವೂ ಬೇಡ. ಕೆಂಪು ಬೆಳಕಿನ ಸ್ಕ್ಯಾನರಿಗೆ ಕೆಂಪು ಗೆರೆ ಬಿಳಿಯಾಗಿಯೇ ಕಾಣುತ್ತದೆ.

ಮುಂದಿನದು ಬಿಳಿ ಅಂಚು. ಬಾರ್‌ಕೋಡಿನ ಎಡಬಲದಲ್ಲಿ ಖಾಲಿ ಜಾಗ ಇದ್ದರೆ ಮಾತ್ರ ಅದು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಸ್ಕ್ಯಾನರಿಗೆ ತಿಳಿಯುತ್ತದೆ. ಅತಿ ಸಣ್ಣ ಗೆರೆಯ ಅಗಲವನ್ನು ಒಂದು ‘ಎಳೆ’ ಅನ್ನೋಣ. ಕೋಡ್ 128ಕ್ಕೆ ಎರಡೂ ಬದಿ 10 ಎಳೆ ಖಾಲಿ ಬೇಕು. ಇಎಎನ್-13ಕ್ಕೆ ಎಡಕ್ಕೆ 11, ಬಲಕ್ಕೆ 7. ಕ್ಯೂಆರ್‌ಗೆ ಸುತ್ತಲೂ 4 ಮನೆ (ಅದರ ಅತಿ ಸಣ್ಣ ಚೌಕವೇ ಒಂದು ಮನೆ). ಸ್ಕ್ರೀನ್‌ಶಾಟ್ ತೆಗೆದು ಅಂದವಾಗಲೆಂದು ಗೆರೆಯವರೆಗೆ ಕತ್ತರಿಸುವವರು ಈ ಅಂಚನ್ನೇ ಕತ್ತರಿಸಿ ಬಿಸಾಡುತ್ತಾರೆ. ಗೆರೆಗಳೆಲ್ಲ ಕಣ್ಣಿಗೆ ಸ್ಫುಟವಾಗಿ ಕಾಣುತ್ತವೆ, ಯಂತ್ರಕ್ಕೆ ಏನೂ ಕಾಣುವುದಿಲ್ಲ.

ಕೊನೆಯದು ಅಗಲ, ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಕೋಡ್ 128ರಲ್ಲಿ ಆರಂಭದ ಗುರುತಿಗೆ 11, ತಾಳೆ ನೋಡುವ ಚಿಹ್ನೆಗೆ 11, ಅಂತ್ಯಕ್ಕೆ 13 ಹೀಗೆ 35 ಎಳೆ ಖಾಯಂ ಖರ್ಚು. ನಡುವಿನ ಪ್ರತಿ ಚಿಹ್ನೆಗೆ 11 ಎಳೆ. 16 ಅಂಕಿಯ ಸಂಖ್ಯೆಯನ್ನು ಎರಡೆರಡು ಅಂಕಿಗೆ ಒಂದು ಚಿಹ್ನೆಯಂತೆ ಬರೆದರೆ 88 ಎಳೆ, ಒಟ್ಟು 123. ಬಿಳಿ ಅಂಚು ಸೇರಿ 143. ಅದೇ 16 ಅಂಕಿಯನ್ನು ಒಂದೊಂದಾಗಿ ಬರೆದರೆ ಅಂಚು ಸೇರಿ 231. ಫೋನಿನ ಪರದೆಯ ಅಗಲ 65 ಮಿ.ಮೀ. ಎಂದಿಟ್ಟುಕೊಂಡರೆ ಮೊದಲನೆಯದರಲ್ಲಿ ಒಂದು ಎಳೆಗೆ 0.45 ಮಿ.ಮೀ., ಎರಡನೆಯದರಲ್ಲಿ 0.28. ಸಾಮಾನುಗಳ ಮೇಲಿನ ಬಾರ್‌ಕೋಡಿನಲ್ಲಿ ಎಳೆಯ ಪ್ರಮಾಣಿತ ಅಗಲ 0.33 ಮಿ.ಮೀ., ಅದರ ಶೇ. 80ಕ್ಕಿಂತ, ಅಂದರೆ 0.264ಕ್ಕಿಂತ ಕಿರಿದು ಮಾಡಬಾರದೆಂಬ ನಿಯಮವಿದೆ. ಅಕ್ಷರಗಳೂ ಬೆರೆತ 20 ಚಿಹ್ನೆಗಳ ಕಾರ್ಡಾದರೆ 275 ಎಳೆ, ಅಂದರೆ ಒಂದಕ್ಕೆ 0.24 ಕೂಡ ಸಿಗುವುದಿಲ್ಲ. ಪರಿಹಾರ ಸರಳ: ಫೋನನ್ನು ಅಡ್ಡಕ್ಕೆ ತಿರುಗಿಸಿ. ಉದ್ದ ಎರಡರಷ್ಟಾದರೆ ಎಳೆಯೂ ಎರಡರಷ್ಟು ಅಗಲ.

ಆದರೆ ಬಾರ್‌ಕೋಡನ್ನು ಎರಡು ಬೆರಳಿನಿಂದ ಎಳೆದು ಹಿಗ್ಗಿಸಬೇಡಿ. ಸ್ಕ್ರೀನ್‌ಶಾಟ್ ಹಿಗ್ಗಿದಾಗ ಒಂದು ಎಳೆಗೆ ನಾಲ್ಕು ಪಿಕ್ಸೆಲ್, ಪಕ್ಕದ್ದಕ್ಕೆ ಐದು ಎಂದಾಗಿ ದಪ್ಪ, ಸಣ್ಣ ಗೆರೆಗಳ ಲೆಕ್ಕ ಕೆಡುತ್ತದೆ.

ಇವೆಲ್ಲ ಸರಿಯಿದ್ದರೆ ಹಿಡಿಯುವ ಕ್ರಮ ನೋಡಿ. ಫೋನನ್ನು ಸ್ಕ್ಯಾನರಿನ ಗಾಜಿಗೆ ಒತ್ತಬೇಡಿ, ಅರ್ಧ ಗೇಣು ದೂರ, ಅಂದರೆ 10–15 ಸೆಂ.ಮೀ. ಹಿಡಿದು ಸ್ವಲ್ಪ ವಾಲಿಸಿ, ಸ್ಕ್ಯಾನರಿನ ಬೆಳಕು ಅದಕ್ಕೇ ಪ್ರತಿಫಲಿಸದಂತೆ. ಪಕ್ಕದವರು ಇಣುಕದಿರಲೆಂದು ಅಂಟಿಸಿದ ಪ್ರೈವಸಿ ಗಾಜಿದ್ದರೆ ವಾಲಿಸಿದಷ್ಟೂ ಕಪ್ಪಾಗುತ್ತದೆ, ಆಗ ನೇರವಾಗಿಯೇ ಹಿಡಿಯಬೇಕು. ಪರದೆ ಬಿರುಕು ಬಿಟ್ಟಿದ್ದರೂ ಗೆರೆಯ ಬಾರ್‌ಕೋಡಿನಲ್ಲಿ ಅಡ್ಡಡ್ಡ ಒಂದು ಚೊಕ್ಕ ಪಟ್ಟಿ ಸಿಕ್ಕಿದರೆ ಸಾಕು. ಎತ್ತರ ಇಟ್ಟಿರುವುದೇ ಅದಕ್ಕೆ. ಕ್ಯೂಆರ್ ಅದನ್ನು ಬರೆದ ಮಟ್ಟಕ್ಕೆ ತಕ್ಕಂತೆ ಶೇ. 7ರಿಂದ 30ರವರೆಗೆ ಹಾನಿ ತಾಳಿಕೊಳ್ಳುತ್ತದೆ, ಆದರೆ ಮೂಲೆಯ ಚೌಕಗಳ ಮೇಲೆ ಬಿರುಕು ಹಾದಿದ್ದರೆ ಈ ಭರವಸೆ ನಂಬುವಂತಿಲ್ಲ.

ಪ್ರಶ್ನೆ: ಬೀಪ್ ಸದ್ದು ಬರುತ್ತದೆ, ಆದರೆ ‘ಸದಸ್ಯರು ಸಿಗಲಿಲ್ಲ’ ಅನ್ನುತ್ತದೆ. ಸಂಖ್ಯೆಯನ್ನು ಕಾರ್ಡು ನೋಡಿಕೊಂಡೇ ಟೈಪ್ ಮಾಡಿದ್ದೆ.

ಉತ್ತರ: ಬೀಪ್ ಬಂತೆಂದರೆ ಗೆರೆ ಓದಲು ಬಂದಿದೆ, ಓದಿದ ಸಂಖ್ಯೆ ತಪ್ಪು. ನೋಡಿಕೊಂಡು ಟೈಪ್ ಮಾಡಿದ್ದೇ ಮೂಲ. ಕಾರ್ಡಿನ ಮೇಲೆ ಅಚ್ಚಾದ ಸಂಖ್ಯೆಯೂ ಬಾರ್‌ಕೋಡಿನೊಳಗಿನ ಸಂಖ್ಯೆಯೂ ಒಂದೇ ಆಗಿರಬೇಕೆಂದಿಲ್ಲ. ಮೇಲೆ 10 ಅಂಕಿ ಅಚ್ಚಾಗಿದ್ದು, ಗೆರೆಯೊಳಗೆ ಅದರ ಎಡಕ್ಕೆ ಅಂಗಡಿಯ ಗುರುತಿನ ಎರಡು ಮೂರು ಅಂಕಿ, ಬಲಕ್ಕೆ ತಪ್ಪು ಹಿಡಿಯಲು ಇಟ್ಟ ಒಂದು ತಾಳೆ ಅಂಕಿ ಸೇರಿರಬಹುದು. ಕ್ಯಾಟಿಮಾದಲ್ಲಿ ಎರಡು ಖಾನೆ ಇರುವುದು ಇದಕ್ಕೇ: ಕೌಂಟರಿನವರಿಗೆ ಓದಿ ಹೇಳಲು ಅಚ್ಚಾದ ಸಂಖ್ಯೆ, ಗೆರೆ ಎಳೆಯಲು ಒಳಗಿನ ಸಂಖ್ಯೆ. ಟೈಪ್ ಮಾಡಿದ್ದನ್ನು ಅಳಿಸಿ, ಸ್ಕ್ಯಾನ್ ಮಾಡಿ ಹಾಕಿ.

ಕಾರ್ಡು ಸವೆದು ಸ್ಕ್ಯಾನ್ ಆಗದೆ ಟೈಪೇ ಗತಿ ಅನ್ನುವವರು, ಅದು ಇಎಎನ್-13 ಆಗಿದ್ದರೆ, ಕೊನೆಯ ಅಂಕಿಯಿಂದ ತಪ್ಪು ಹಿಡಿಯಬಹುದು. ಮೊದಲ 12 ಅಂಕಿಗಳನ್ನು ಎಡದಿಂದ 1, 3, 1, 3 ಎಂದು ಗುಣಿಸುತ್ತಾ ಕೂಡಿ. ಉದಾಹರಣೆಗೆ 210456789012: 2+3+0+12+5+18+7+24+9+0+1+6, ಒಟ್ಟು 87. ಮುಂದಿನ ಹತ್ತರ ಮಡಿ 90, ಅಂತರ 3. ಹದಿಮೂರನೆಯ ಅಂಕಿ 3 ಇರಬೇಕು. ಬೇರೆ ಬಂದರೆ ಎಲ್ಲೋ 1 ಅನ್ನು 7 ಎಂದೋ 3 ಅನ್ನು 8 ಎಂದೋ ಓದಿದ್ದೀರಿ. ಒಂದೇ ಒಂದು ಅಂಕಿ ತಪ್ಪಿದರೆ ಈ ಲೆಕ್ಕ ಖಂಡಿತ ಹಿಡಿಯುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲು ಬದಲಾದರೆ ಬಹುಮಟ್ಟಿಗೆ ಹಿಡಿಯುತ್ತದೆ; ಅವೆರಡರ ವ್ಯತ್ಯಾಸ 5 ಇದ್ದರೆ, 2 ಮತ್ತು 7ರಂತೆ, ತಪ್ಪಿಸಿಕೊಳ್ಳುತ್ತದೆ.

ಇನ್ನೊಂದು ಸಣ್ಣ ಕಿರಿಕಿರಿ: ಯುಪಿಸಿ-ಎ ಅಂದರೆ ಎಡತುದಿಗೆ ಸೊನ್ನೆ ಹಚ್ಚಿದ ಇಎಎನ್-13 ಎಂದೂ ಓದಬಹುದು. ಅಂಗಡಿ 12 ಅಂಕಿ ನಿರೀಕ್ಷಿಸಿ ನೀವು 13 ತೋರಿಸಿದರೆ, ಅಥವಾ ಅದಲು ಬದಲಾದರೆ, ಸದಸ್ಯರು ಸಿಗುವುದಿಲ್ಲ. ಲಿಪಿಯನ್ನು ಬದಲಿಸಿ ನೋಡಿ.

ಪ್ರಶ್ನೆ: ನನ್ನ ಕಾರ್ಡಿನಲ್ಲಿ ಬಾರ್‌ಕೋಡ್ ಇಲ್ಲ. ಒಂದಕ್ಕೆ ಹಿಂದೆ ಕಪ್ಪು ಪಟ್ಟಿ ಇದೆ, ಇನ್ನೊಂದನ್ನು ಯಂತ್ರಕ್ಕೆ ತಾಗಿಸಬೇಕು. ಇವನ್ನೂ ಫೋನಿಗೆ ಹಾಕಬಹುದೇ?

ಉತ್ತರ: ಕಪ್ಪು ಪಟ್ಟಿ ಮ್ಯಾಗ್ನೆಟಿಕ್ ಸ್ಟ್ರೈಪ್. ಅದನ್ನು ಓದುವ ಸಾಧನ ಫೋನಿನಲ್ಲಿಲ್ಲ. ಕಾರ್ಡಿನ ಮೇಲೆ ಸಂಖ್ಯೆ ಅಚ್ಚಾಗಿದ್ದರೆ ಅದನ್ನು ಬಾರ್‌ಕೋಡ್ ಇಲ್ಲದ ಕಾರ್ಡು ಎಂದು ಸೇರಿಸಿ, ಓದಿ ಹೇಳಿ. ಅದೇ ಸಂಖ್ಯೆಗೆ ನೀವೇ ಒಂದು ಬಾರ್‌ಕೋಡ್ ಸೃಷ್ಟಿಸಿ ತೋರಿಸುವ ಉಪಾಯ ಸಾಮಾನ್ಯವಾಗಿ ಫಲಿಸುವುದಿಲ್ಲ.

ತಾಗಿಸುವ ಕಾರ್ಡಿನದು ಬೇರೆ ಕಥೆ. ಹತ್ತಿರ ತಂದರೆ ರೇಡಿಯೊ ಅಲೆಯಲ್ಲಿ ಮಾತಾಡುವ, 13.56 ಮೆಗಾಹರ್ಟ್ಸ್‌ನ ಎನ್‌ಎಫ್‌ಸಿ ಚಿಪ್ ಆದರೆ ಫೋನು ಅದರ ಗುರುತಿನ ಸಂಖ್ಯೆಯನ್ನು ಓದಬಲ್ಲದು, ಆದರೆ ಆ ಕಾರ್ಡೇ ತಾನೆಂದು ನಟಿಸಲಾರದು. ಆ್ಯಂಡ್ರಾಯ್ಡ್‌ಗೆ ಕಾರ್ಡಿನ ವೇಷ ಹಾಕುವ ಶಕ್ತಿ 2013ರ 4.4 ಆವೃತ್ತಿಯಲ್ಲೇ ಬಂತು. ಆದರೆ ಯಾರ ವೇಷ ಎಂದು ತೀರ್ಮಾನಿಸುವುದು ಅಂಗಡಿಯ ಆ್ಯಪ್ ಮತ್ತು ಅಂಗಡಿಯ ಯಂತ್ರ ಇಬ್ಬರೂ ಒಪ್ಪಿಕೊಂಡ ಮೇಲೆ. 125 ಕಿಲೋಹರ್ಟ್ಸ್‌ನ ಹಳೆಯ ಕಾರ್ಡುಗಳ ಮಾತಂತೂ ಫೋನಿಗೆ ಕೇಳಿಸುವುದೇ ಇಲ್ಲ. ನಕಲು ಮಾಡಿಕೊಡುತ್ತೇವೆ ಅನ್ನುವ ಆ್ಯಪ್‌ಗಳಿಂದ ದೂರವಿರಿ. ಅಂಗಡಿಯಲ್ಲೇ ಡಿಜಿಟಲ್ ಕಾರ್ಡು ಇದೆಯೇ ಎಂದು ಕೇಳಿ.

ಪ್ರಶ್ನೆ: ಅಂಗಡಿಯ ಆ್ಯಪ್ ತೆರೆಯಲು ತಡವಾಗುತ್ತದೆಂದು ಅದರ ಕ್ಯೂಆರ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡೆ. ಮಾರನೆಯ ದಿನ ನಡೆಯಲಿಲ್ಲ.

ಉತ್ತರ: ಕೆಲವು ಆ್ಯಪ್‌ಗಳ ಕ್ಯೂಆರ್‌ನಲ್ಲಿ ನಿಮ್ಮ ಸಂಖ್ಯೆಯ ಜೊತೆ ಆ ಹೊತ್ತಿನ ಸಮಯವೂ ಬೆರೆತಿರುತ್ತದೆ, ಸ್ವಲ್ಪ ಹೊತ್ತಿಗೇ ಹಳಸುತ್ತದೆ. ಇನ್ನೊಬ್ಬರು ಚಿತ್ರ ಕದ್ದು ಪಾಯಿಂಟ್ ಬಳಸದಿರಲೆಂದೇ ಈ ಏರ್ಪಾಡು. ತಿಳಿಯುವುದು ಸುಲಭ: ಕ್ಯೂಆರ್ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ, ಐದು ನಿಮಿಷ ಬಿಟ್ಟು ಮತ್ತೆ ತೆರೆದು ಹೋಲಿಸಿ. ಚುಕ್ಕೆಗಳ ಜೋಡಣೆ ಬದಲಾಗಿದ್ದರೆ ಅದನ್ನು ಬೇರೆಲ್ಲೂ ಸೇರಿಸಿ ಪ್ರಯೋಜನವಿಲ್ಲ. ಅಂಥ ಅಂಗಡಿಗೆ ಹೊಕ್ಕ ಕೂಡಲೇ, ಸಾಲಿನಲ್ಲಿ ನಿಲ್ಲುವ ಮೊದಲೇ, ಆ್ಯಪ್ ತೆರೆದಿಟ್ಟುಕೊಳ್ಳಿ.

ಪ್ರಶ್ನೆ: ನೆಲಮಾಳಿಗೆಯ ಅಂಗಡಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕಾರ್ಡು ತೆರೆಯುತ್ತದೆಯೇ?

ಉತ್ತರ: ಸಂಖ್ಯೆ ಫೋನಿನಲ್ಲೇ ಇದ್ದರೆ ತೆರೆಯುತ್ತದೆ. ಮನೆಯಲ್ಲಿ ಏರೋಪ್ಲೇನ್ ಮೋಡ್ ಹಾಕಿ ಒಂದು ಸಲ ನೋಡಿಕೊಂಡರಾಯಿತು.

ಪ್ರಶ್ನೆ: ಫೋನ್ ಬದಲಿಸುವಾಗ ಕಾರ್ಡುಗಳನ್ನು ಒಯ್ಯುವುದು ಹೇಗೆ? ಬ್ಯಾಕಪ್ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸರಿಮಾಡಿ ಮತ್ತೆ ಹಾಕಿದೆ, ಅರ್ಧ ಕಾರ್ಡುಗಳು ಕೆಟ್ಟುಹೋದವು.

ಉತ್ತರ: ಕೆಡಿಸಿದ್ದು ಎಕ್ಸೆಲ್. ಅದು ಕಾರ್ಡಿನ ಸಂಖ್ಯೆಯನ್ನು ಲೆಕ್ಕದ ಸಂಖ್ಯೆ ಎಂದುಕೊಳ್ಳುತ್ತದೆ. ಮುಂದಿನ ಸೊನ್ನೆಗಳಿಗೆ ಬೆಲೆಯಿಲ್ಲವೆಂದು ಕಿತ್ತುಹಾಕುತ್ತದೆ: 00451278 ಎಂಬುದು 451278 ಆಗುತ್ತದೆ. ಜೊತೆಗೆ ಅದರ ನೆನಪು 15 ಅಂಕಿಗಳಿಗೆ ಸೀಮಿತ. 2104567890123456 ಎಂಬ 16 ಅಂಕಿಯ ಸಂಖ್ಯೆ 2104567890123450 ಆಗಿ ಕೂರುತ್ತದೆ. ಕೊನೆಯ 6 ಹೋದದ್ದು ಮತ್ತೆ ಬರುವುದಿಲ್ಲ. ಸುಮ್ಮನೆ ತೆರೆದು ನೋಡಿದರೆ ಫೈಲಿಗೆ ಏನೂ ಆಗದು, ಸೇವ್ ಒತ್ತಿದಾಗ ಅನಾಹುತ. ತಿದ್ದಲೇಬೇಕಿದ್ದರೆ ನೋಟ್‌ಪ್ಯಾಡ್‌ನಂಥ ಸಾದಾ ಎಡಿಟರ್ ಬಳಸಿ, ಇಲ್ಲವೇ ಎಕ್ಸೆಲ್‌ಗೆ ಇಂಪೋರ್ಟ್ ಮಾಡುವಾಗ ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಗುರುತಿಸಿ. ಮೂಲ ಬ್ಯಾಕಪ್ಪನ್ನು ಮುಟ್ಟದೆ ಪ್ರತಿಯನ್ನು ತಿದ್ದಿ.

ಗೂಗಲ್ ವಾಲೆಟ್‌ನಲ್ಲಿ ಸೇರಿಸಿದವು ಅದೇ ಖಾತೆಯಿಂದ ಹೊಸ ಫೋನಿಗೆ ಬರುತ್ತವೆ. ಆ್ಯಪಲ್‌ನಲ್ಲಿ ಐಕ್ಲೌಡ್‌ನ ವಾಲೆಟ್ ಗುಂಡಿ ಆನ್ ಆಗಿರಬೇಕು. ಫೋನಿನಲ್ಲೇ ಇಡುವ ಆ್ಯಪ್‌ಗಳಲ್ಲಿ ಕೆಲಸ ನಿಮ್ಮದು: ಹಳೆಯ ಫೋನಿನಲ್ಲಿ ಎಕ್ಸ್‌ಪೋರ್ಟ್, ಫೈಲನ್ನು ಬೇರೆ ಕಡೆಗೆ ನಕಲು, ಹೊಸದರಲ್ಲಿ ಇಂಪೋರ್ಟ್. ಎಣಿಕೆ ತಾಳೆ ನೋಡಿ, ಎರಡು ಕಾರ್ಡು ತೆರೆದು ನೋಡಿ, ಆಮೇಲಷ್ಟೇ ಹಳೆಯ ಫೋನನ್ನು ರಿಸೆಟ್ ಮಾಡಿ. ಎಕ್ಸ್‌ಪೋರ್ಟ್ ಸೌಲಭ್ಯವೇ ಇಲ್ಲದ ಆ್ಯಪ್ ಎಷ್ಟು ಚೆಂದವಿದ್ದರೂ ಬೇಡ. ಈ ಲೋಕದಲ್ಲಿ ಆ್ಯಪ್‌ಗಳು ಕೈ ಬದಲಾಗುತ್ತಲೇ ಇರುತ್ತವೆ. ಬಹಳ ಜನ ಬಳಸುತ್ತಿದ್ದ ಸ್ಟೋಕಾರ್ಡನ್ನು 2021ರಲ್ಲಿ ಕ್ಲಾರ್ನಾ ಎಂಬ ಕಂಪನಿ ಕೊಂಡುಕೊಂಡಿತು.

ಪ್ರಶ್ನೆ: ಇದರಲ್ಲಿ ಅಪಾಯ ಏನಾದರೂ ಇದೆಯೇ? ಬ್ಯಾಂಕ್ ಕಾರ್ಡಲ್ಲವಲ್ಲ.

ಉತ್ತರ: ಬ್ಯಾಂಕ್ ಕಾರ್ಡಲ್ಲ, ಆದರೆ ಪಾಯಿಂಟ್ ಅಂದರೂ ಹಣವೇ. ಪಾಯಿಂಟ್ ಬಳಸುವಾಗ ಅಂಗಡಿ ಒಟಿಪಿ ಅಥವಾ ಪಿನ್ ಕೇಳುತ್ತದೆಯೇ ನೋಡಿ. ಕೇಳದಿದ್ದರೆ ಆ ಬಾರ್‌ಕೋಡಿನ ಚಿತ್ರ ಯಾರ ಕೈಗೆ ಸಿಕ್ಕರೂ ಖರ್ಚು ಮಾಡಬಹುದು, ಗುಂಪುಗಳಲ್ಲಿ ಹಂಚಬೇಡಿ. ಗಿಫ್ಟ್ ಕಾರ್ಡಿನ ಸಂಖ್ಯೆ ಇಡಿ, ಅದರ ಪಿನ್ ಅದೇ ಟಿಪ್ಪಣಿಯಲ್ಲಿ ಬೇಡ. ಡೆಬಿಟ್, ಕ್ರೆಡಿಟ್ ಕಾರ್ಡುಗಳ ಫೋಟೊ ಇಂಥ ಆ್ಯಪ್‌ನಲ್ಲಿ ಖಂಡಿತ ಸಲ್ಲದು.

ಆ್ಯಪ್ ಕೇಳುವ ಅನುಮತಿಗಳಲ್ಲಿ ಕ್ಯಾಮೆರಾ ನ್ಯಾಯ. ಲೊಕೇಶನ್, ಅಂಗಡಿಯ ಹತ್ತಿರ ಬಂದಾಗ ಕಾರ್ಡು ತಾನೇ ಮೇಲೆ ಬರಲಿ ಅನ್ನುವವರಿಗೆ ಮಾತ್ರ. ಕಾಂಟ್ಯಾಕ್ಟ್, ಕರೆಗಳ ಪಟ್ಟಿ ಕೇಳಿದರೆ ಅದಕ್ಕೂ ಕಾರ್ಡಿಗೂ ಸಂಬಂಧವಿಲ್ಲ, ಅನ್‌ಇನ್‌ಸ್ಟಾಲ್ ಮಾಡಿ.

ಪ್ರಶ್ನೆ: ಒಂದೇ ಕಾರ್ಡನ್ನು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇಡಬಹುದೇ?

ಉತ್ತರ: ತಾಂತ್ರಿಕವಾಗಿ ಅಡ್ಡಿಯಿಲ್ಲ, ಸಂಖ್ಯೆ ಒಂದೇ ಆದ್ದರಿಂದ ಪಾಯಿಂಟೂ ಒಂದೇ ಖಾತೆಗೆ ಬೀಳುತ್ತದೆ. ಒಬ್ಬರೇ ಬಳಸಬೇಕೆಂಬ ನಿಯಮ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಒಟಿಪಿ ನೋಂದಾಯಿತ ನಂಬರಿಗೇ ಹೋಗುವುದರಿಂದ ಪಾಯಿಂಟ್ ಬಳಸುವ ದಿನ ಆ ಫೋನಿನವರು ಕರೆ ಎತ್ತುವಂತಿರಬೇಕು.

ಪ್ರಶ್ನೆ: ಎಲ್ಲ ಸೇರಿಸಿಯಾಯಿತು. ಪ್ಲಾಸ್ಟಿಕ್ ಕಾರ್ಡುಗಳನ್ನು ಎಸೆಯಲೇ?

ಉತ್ತರ: ಈಗಲೇ ಬೇಡ. ಪ್ರತಿ ಕಾರ್ಡೂ ಅದರದೇ ಅಂಗಡಿಯ ಕೌಂಟರಿನಲ್ಲಿ ಒಮ್ಮೆ ಫೋನಿನಿಂದ ಸ್ಕ್ಯಾನ್ ಆಗಿ, ಬಿಲ್ಲಿನ ಮೇಲೆ ಪಾಯಿಂಟ್ ಮುದ್ರಣವಾಗಿ ಬರಲಿ. ಬಂದವನ್ನು ಪರ್ಸಿನಿಂದ ತೆಗೆದು ಒಂದು ಲಕೋಟೆಗೆ ಹಾಕಿ. ಕಪ್ಪು ಪಟ್ಟಿಯವು, ತಾಗಿಸುವವು, ಕಳೆದರೆ ಬದಲಿ ಕೊಡುವುದಿಲ್ಲ ಎಂದು ಹಿಂಬದಿಯಲ್ಲಿ ಬರೆದವು ಲಕೋಟೆಯಲ್ಲೇ ಉಳಿಯಲಿ. ಉಳಿದವನ್ನು ಎಸೆಯುವುದಾದರೆ ಬಾರ್‌ಕೋಡನ್ನು ಗೆರೆಗಳ ಉದ್ದಕ್ಕೆ ಸೀಳಬೇಡಿ. ಎರಡು ತುಂಡು ಜೋಡಿಸಿದರೆ ಮತ್ತೆ ಓದಬಹುದು. ಗೆರೆಗಳಿಗೆ ಅಡ್ಡಲಾಗಿ ಕತ್ತರಿಸಿದರೂ ಸಾಲದು, ಮೇಲಿನ ತುಂಡು, ಕೆಳಗಿನ ತುಂಡು ಎರಡೂ ಪೂರ್ತಿ ಬಾರ್‌ಕೋಡುಗಳೇ ಆಗುತ್ತವೆ. ಓರೆಯಾಗಿ ನಾಲ್ಕೈದು ಚೂರು ಮಾಡಿ, ಅಚ್ಚಾದ ಸಂಖ್ಯೆಯ ನಡುವೆಯೂ ಕತ್ತರಿ ಹಾಯಿಸಿ, ಚೂರುಗಳನ್ನು ಎರಡು ಬೇರೆ ಬೇರೆ ಕಸದ ಚೀಲಗಳಿಗೆ ಹಾಕಿ.